ಟಿ-ಜಂಕ್ಷನ್‌ನಿಂದ ವಿದ್ಯಾನಗರಿಗೆ

ಧಾರಾವಿಯ ಟಿ-ಜಂಕ್ಷನ್‌ನಲ್ಲಿ ಬೆಳಗಿನ ಏಳೂವರೆ. ಊರು ಎದ್ದು ಆಗಲೇ ಬಹಳ ಹೊತ್ತಾಗಿದೆ. ಮಿಠಿ ನದಿಯ ಕಡೆಯಿಂದ ಕೆಸರಿನ ವಾಸನೆ, ಒಳಗಲ್ಲಿಗಳಿಂದ ಹದ ಮಾಡಿದ ಚರ್ಮದ ವಾಸನೆ, ಕುಂಭಾರವಾಡದ ಭಟ್ಟಿಗಳಿಂದ ಹತ್ತಿ ಚಿಂದಿ ಉರಿದ ಹೊಗೆ. ಸೈಕಲ್ಲಿನ ಹಿಂದೆ ಅಲ್ಯುಮಿನಿಯಂ ಡಬರಿ ಕಟ್ಟಿಕೊಂಡ ಇಡ್ಲಿಯವರು ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಮಾಹಿಮ್ ಕಡೆಗೂ ಬಾಂದ್ರಾ ಕಡೆಗೂ ಚದುರುತ್ತಾರೆ. ಕೈಗಾಡಿಯ ಮೇಲೆ ಬಟ್ಟೆಯ ಗಂಟುಗಳು ಆಳೆತ್ತರ ಏರಿವೆ. ಹಿಂದಿನಿಂದ ನೋಡಿದರೆ ಎಳೆಯುವವನ ಕಾಲಷ್ಟೇ ಕಾಣುತ್ತದೆ. ಇವರೆಲ್ಲರ ನಡುವೆ, ಡಾಂಬರಿನ ಅಂಚಿಗೆ ಒತ್ತಿಕೊಂಡು, ನಡೆಯುವವರ ಸಾಲು. ಫುಟ್‌ಪಾತ್ ಇದ್ದಲ್ಲಿ ಅದರ ಮೇಲೆ ಮೋಟರ್‌ಸೈಕಲ್ ನಿಂತಿದೆ, ನೀರಿನ ಡ್ರಮ್ಮು ನಿಂತಿದೆ, ಅಗೆದು ಬಿಟ್ಟ ಪೈಪು ಬಿದ್ದಿದೆ. ನಡೆಯುವವರು ಅದಕ್ಕೆ ಒಗ್ಗಿದ್ದಾರೆ. ಹಿಂದೆ ಬಸ್ಸು ಹಾರ್ನ್ ಮಾಡಿದರೆ ತಿರುಗಿ ನೋಡದೆ ಒಂದು ಗೇಣು ಸರಿಯುತ್ತಾರೆ.

ಈ ಸಾಲಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡವರು ಬಹಳ ಜನ. ಕೆಲವರು ಸಾಯನ್ ದಾಟಿ ಮಾಟುಂಗದ ಕಡೆ ಹೋಗುತ್ತಾರೆ. ಅಲ್ಲಿ ರುಯಿಯಾ ಇದೆ, ಪೋದಾರ್ ಇದೆ, ಖಾಲ್ಸಾ ಇದೆ, ವಿಜೆಟಿಐ ಇದೆ. ಕಥೆಗಾರ ಯಶವಂತ ಚಿತ್ತಾಲರು ಓದಿದ ಯುಡಿಸಿಟಿಯೂ ಅಲ್ಲೇ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವಾಗಿ ಹುಟ್ಟಿದ ಆ ಸಂಸ್ಥೆ ಈಗ ಐಸಿಟಿ ಎಂಬ ಹೆಸರಿನಲ್ಲಿ ಸ್ವತಂತ್ರವಾಗಿ ನಿಂತಿದೆ. ಇನ್ನು ಕೆಲವರು ಉತ್ತರಕ್ಕೆ, ನದಿ ದಾಟಿ, ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳ ನಡುವೆ ಹಾದು ಕಲಿನಾಕ್ಕೆ ಹೋಗುತ್ತಾರೆ. ವಿಶ್ವವಿದ್ಯಾಲಯದ ದೊಡ್ಡ ಆವರಣ ವಿದ್ಯಾನಗರಿ ಇರುವುದು ಅಲ್ಲಿ. ಧಾರಾವಿಯಿಂದ ಅಲ್ಲಿಗೆ ನಾಲ್ಕೈದು ಕಿಲೋಮೀಟರ್. ಮುಂಬಯಿಯ ಲೆಕ್ಕದಲ್ಲಿ ಅದು ದೂರವೇ ಅಲ್ಲ. ವಿರಾರದಿಂದಲೋ ಕಲ್ಯಾಣದಿಂದಲೋ ದಿನವೂ ಲೋಕಲ್ಲಿನಲ್ಲಿ ಜೋತು ಬರುವವರಿಗೆ ಇದೊಂದು ಪ್ರಯಾಣವೆಂದೇ ಅನಿಸದು. ಆದರೆ ಈ ನಾಲ್ಕೈದು ಕಿಲೋಮೀಟರಿನಲ್ಲಿ ಸುರಿದಷ್ಟು ಸಾರಿಗೆಯ ಹಣ ದೇಶದಲ್ಲಿ ಇನ್ನೆಲ್ಲಿ ಸುರಿದಿದೆಯೋ ಹುಡುಕಬೇಕು. ಆ ಹಣ ಎಲ್ಲಿಂದ ಬಂತು, ಎಲ್ಲಿ ನೆಲಕ್ಕಿಳಿಯಿತು, ಎಲ್ಲಿ ಇಳಿಯಲಿಲ್ಲ ಎಂದು ನೋಡಬೇಕಾದರೆ ಈ ಹುಡುಗ ಹುಡುಗಿಯರ ಜೊತೆ ಒಂದು ಬೆಳಗು ಹೊರಡಬೇಕು.

ಧಾರಾವಿಯಲ್ಲಿ ಸಂತ ಕಕ್ಕಯ್ಯ ಮಾರ್ಗ ಎಂಬ ರಸ್ತೆಯಿದೆ. ಹನ್ನೆರಡನೆಯ ಶತಮಾನದ ಶರಣ ಡೋಹರ ಕಕ್ಕಯ್ಯನ ಹೆಸರು. ಚರ್ಮ ಹದ ಮಾಡುವ ಕಾಯಕದವನನ್ನು ಅದೇ ಕಾಯಕದ ಜನ ಇಷ್ಟು ದೂರ ತಂದು ನೆಲೆಗೊಳಿಸಿಕೊಂಡಿದ್ದಾರೆ. ಈ ಸುತ್ತಿನಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಮನೆಗಳು ಹಲವು. ಅಂಥ ಒಂದು ಮನೆ: ಕೆಳಗೆ ಒಂದೇ ಕೋಣೆ, ಕಬ್ಬಿಣದ ಏಣಿ ಹತ್ತಿದರೆ ಮೇಲೆ ತಗಡಿನ ಅಟ್ಟ. ಅಪ್ಪ ಗೌಂಡಿ ಕೆಲಸಕ್ಕೆ ನಸುಕಿನಲ್ಲೇ ಹೋಗಿಯಾಗಿದೆ. ಅವ್ವ ಚರ್ಮದ ಪರ್ಸುಗಳಿಗೆ ಅಸ್ತರಿ ಹೊಲಿಯುತ್ತಾಳೆ. ಮಗಳು ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದು ಆರಂಭಿಸಿ ಈಗ ಕಲಿನಾದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಎಂಬುದು ನಮ್ಮ ನಾಡಿನಲ್ಲಿ ಎಷ್ಟೋ ಜನಕ್ಕೆ ತಿಳಿದಿಲ್ಲ.

“ಅವ್ವಾ, ಹೊಂಟೆ,” ಎಂದಳು ಮಗಳು.

“ಛತ್ರಿ ತಗೊಂಡಿ ಏನು? ರೊಕ್ಕ?”

ಮಗಳು ಹೂಂ ಎನ್ನುವಷ್ಟರಲ್ಲಿ ಅವ್ವ ನನ್ನ ಕಡೆ ತಿರುಗಿದಳು. “ನಮ್ಮ ತಂಗಿ ಮಗಳು ಆಳಂದದಾಗ ಕಾಲೇಜಿಗಿ ಹೋಗ್ತಾಳ್ರಿ ಯಣ್ಣಾ. ಬಸ್ಸಿಗಿ ಒಂದ್ ಪೈಸಾ ಕೊಡಂಗಿಲ್ಲ. ಇಕಿಗಿ ನೋಡ್ರಿ, ದಿನಾ ಎಣಿಸಿ ಕೊಡಬೇಕು. ಐದಿತ್ತು, ಹತ್ತಾತು. ಏಸಿ ಗಾಡಿ ಬಂತಂದ್ರ ಹನ್ನೆರಡು.”

ಆಕೆ ಹೇಳಿದ್ದು ಶಕ್ತಿ ಯೋಜನೆಯ ಮಾತು. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ತಾಲ್ಲೂಕಿನ ಕಾಲೇಜಿಗೆ ಹೋಗುವ ಹುಡುಗಿಯರ ಮುಖದಲ್ಲಿ ಅದು ಏನು ಮಾಡಿದೆ ಎಂಬುದನ್ನು ಆಳಂದದ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತವರು ಬಲ್ಲರು. ಐದು, ಹತ್ತು ಎಂದದ್ದು ಮುಂಬಯಿಯ ನಗರ ಸಾರಿಗೆ ಬೆಸ್ಟ್‌ನ ಬಸ್ಸಿನ ಕನಿಷ್ಠ ದರ. 2019ರ ಜುಲೈನಲ್ಲಿ ಅದನ್ನು ಐದು ರೂಪಾಯಿಗೆ ಇಳಿಸಿದ್ದರು. ಬಸ್ಸು ಬಿಟ್ಟು ಹೋಗಿದ್ದ ಜನ ಮತ್ತೆ ಬಂದರು. 2025ರ ಮೇ 9ರಿಂದ ಅದು ಹತ್ತಾಯಿತು, ಹವಾನಿಯಂತ್ರಿತ ಬಸ್ಸಿನದು ಆರರಿಂದ ಹನ್ನೆರಡಾಯಿತು.

ಅದೇ ಮೇ 9ರಂದು ಇನ್ನೊಂದು ಸಂಗತಿ ನಡೆಯಿತು. ಮುಂಬಯಿಯ ಮೊದಲ ಪೂರ್ಣ ಸುರಂಗ ಮಾರ್ಗ ಮೆಟ್ರೊ-3ರ ಎರಡನೆಯ ತುಂಡು, ಬಾಂದ್ರಾ-ಕುರ್ಲಾ ಸಂಕೀರ್ಣದಿಂದ ವರ್ಲಿಯ ಆಚಾರ್ಯ ಅತ್ರೆ ಚೌಕದವರೆಗೆ, ಉದ್ಘಾಟನೆಯಾಯಿತು. ಧಾರಾವಿಗೆ ಮೆಟ್ರೊ ನಿಲ್ದಾಣ ಸಿಕ್ಕಿದ್ದು ಆ ದಿನ. ಒಂದೇ ದಿನ, ಒಂದೇ ಊರಿನಲ್ಲಿ, ನೆಲದ ಮೇಲಿನ ಬಸ್ಸಿನ ದರ ಇಮ್ಮಡಿಯಾಯಿತು, ನೆಲದ ಕೆಳಗಿನ ರೈಲಿನ ಬಾಗಿಲು ತೆರೆಯಿತು. ಎರಡೂ ಪರಿಸರಕ್ಕೆ ಒಳ್ಳೆಯ ಸಾರಿಗೆಯೇ, ಕಾರು ಬಿಡಿಸುವಂಥವೇ. ಒಂದಕ್ಕೆ ಹಣ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಏಕೆ ಎಂಬ ಪ್ರಶ್ನೆಯನ್ನು ಆ ಹುಡುಗಿಯ ಕೈಯಲ್ಲಿದ್ದ ಚಿಲ್ಲರೆಯೇ ಕೇಳುತ್ತಿತ್ತು.

ಧಾರಾವಿ ನಿಲ್ದಾಣದ ಮೆಟ್ಟಿಲು ಇಳಿದರೆ ಬೇರೆಯೇ ಲೋಕ. ಹೊರಗಿನ ಹಾರ್ನು ಒಂದೇ ಸಲಕ್ಕೆ ನಿಲ್ಲುತ್ತದೆ. ತಣ್ಣನೆ ಗಾಳಿ, ನುಣುಪು ಕಲ್ಲು, ಬೆಳಕು ಸಮನಾಗಿ ಹರಡಿದ ಉದ್ದನೆ ಹಜಾರ. ಚಪ್ಪಲಿ ಹೊಲಿಯುವ ಗಲ್ಲಿಯಿಂದ ಬಂದ ಮುದುಕರೊಬ್ಬರು ಚಲಿಸುವ ಮೆಟ್ಟಿಲಿನ ಎದುರು ನಿಂತು, ಮೊಮ್ಮಗನ ಕೈ ಹಿಡಿದು, ಒಂದು ಕಾಲು ಮುಂದಿಟ್ಟು ಹಿಂದೆಗೆದರು, ಮತ್ತೆ ಇಟ್ಟರು, ಈ ಸಲ ಇಳಿದೇಬಿಟ್ಟರು. ಈ ನಿಲ್ದಾಣ ನನಗೆ ಸಂತೋಷ ಕೊಡುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಧಾರಾವಿಯವರಿಗೆ ಇಷ್ಟು ಚೊಕ್ಕಟವಾದ, ಇಷ್ಟು ಮರ್ಯಾದೆಯ ಸಾರ್ವಜನಿಕ ಜಾಗ ಈ ನಗರ ಅಪರೂಪಕ್ಕೆ ಕೊಟ್ಟಿದೆ.

ಈ ಮಾರ್ಗದ ಉದ್ದ ಮೂವತ್ತಮೂರೂವರೆ ಕಿಲೋಮೀಟರ್, ನಿಲ್ದಾಣಗಳು 27. ಯೋಜನೆ ಒಪ್ಪಿಗೆಯಾದಾಗಿನ ಅಂದಾಜು ₹23,136 ಕೋಟಿ. 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗಿನ ಕೊನೆಯ ತುಂಡು ತೆರೆಯುವ ಹೊತ್ತಿಗೆ ಅದು ₹37 ಸಾವಿರ ಕೋಟಿ ದಾಟಿತ್ತು. ಅರ್ಧಕ್ಕಿಂತ ಹೆಚ್ಚು ಪಾಲು ಜಪಾನಿನ ಜೈಕಾ ಸಂಸ್ಥೆಯ ಸಾಲ. ಮೊದಲ ಕಂತಿನ ಒಪ್ಪಂದ 2013ರಲ್ಲಿ ಆಯಿತು. ಉಳಿದದ್ದು ಕೇಂದ್ರದ್ದು, ರಾಜ್ಯದ್ದು. ವಿಮಾನ ನಿಲ್ದಾಣದ ಕಂಪನಿಯ ಪಾಲೂ ಇದೆ. ದಶಕಗಳಲ್ಲಿ ತೀರುವ ಸಾಲ ಇದು. ಇವತ್ತು ಈ ಹಜಾರದಲ್ಲಿ ಅಜ್ಜನ ಕೈ ಹಿಡಿದು ನಿಂತ ಹುಡುಗ ದುಡಿಯುವ ವಯಸ್ಸಿಗೆ ಬಂದಾಗಲೂ ಇದರ ಕಂತು ಕಟ್ಟುತ್ತಲೇ ಇರುತ್ತಾರೆ. ಮುಂಬಯಿಯಲ್ಲಿ ಮನೆ ಕೊಳ್ಳುವವರು 2022ರ ಏಪ್ರಿಲ್‌ನಿಂದ ಮುದ್ರಾಂಕ ಶುಲ್ಕದ ಜೊತೆಗೆ ಮನೆಯ ಬೆಲೆಯ ಶೇಕಡಾ ಒಂದರಷ್ಟು ಮೆಟ್ರೊ ಸೆಸ್ ಕಟ್ಟುತ್ತಿದ್ದಾರೆ. ಅಂದರೆ ಬೋರಿವಲಿಯಲ್ಲಿ ಒಂದು ಕೋಣೆಯ ಫ್ಲ್ಯಾಟು ಕೊಂಡ ಗುಮಾಸ್ತನೂ ನಗರದ ಮೆಟ್ರೊ ಮಾರ್ಗಗಳಿಗೆ ಹಣ ಹಾಕಿದ್ದಾನೆ. ಇದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ. ರೈಲು ಬಂದರೆ ನೆಲದ ಬೆಲೆ ಏರುತ್ತದೆ. ಏರಿದ ಬೆಲೆಯಲ್ಲಿ ಒಂದು ಪಾಲು ರೈಲಿಗೆ ಮರಳಬೇಕು.

ರೈಲು ಹೊರಟಿತು. ಮಿಠಿ ನದಿಯ ತಳದ ಕೆಳಗೆ ಸುರಂಗ ಹಾದು ಹೋಗುವುದು ಒಳಗೆ ಕುಳಿತವರಿಗೆ ತಿಳಿಯುವುದೇ ಇಲ್ಲ. ಬಾಂದ್ರಾ-ಕುರ್ಲಾ ಸಂಕೀರ್ಣ, ಅದರ ಮುಂದೆ ಬಾಂದ್ರಾ ಕಾಲೊನಿ. ಯೋಜನೆಯ ಕಾಗದಗಳಲ್ಲಿ ಈ ನಿಲ್ದಾಣಕ್ಕೆ ವಿದ್ಯಾನಗರಿ ಎಂದೇ ಇತ್ತು, ವಿಶ್ವವಿದ್ಯಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಗುರುತಿಸಿದ್ದರು. ಆದರೆ ನಮ್ಮ ಹುಡುಗಿ ಮೆಟ್ರೊ ಹತ್ತುವುದು ಪರೀಕ್ಷೆಯ ದಿನ, ಇಲ್ಲವೇ ತಡವಾದ ದಿನ. ಉಳಿದ ದಿನ ಬಸ್ಸು. “ಮೆಟ್ರೊದಾಗ ಇಳದ ಮ್ಯಾಲ ಮತ್ತ ನಡೀಬೇಕ್ರಿ, ಇಲ್ಲಾಂದ್ರ ರಿಕ್ಷಾ ಮಾಡಬೇಕು. ಬಸ್ಸಾದ್ರ ಗೇಟಿನ ಹತ್ರ ಬಿಡ್ತದ,” ಎಂಬುದು ಅವಳ ಲೆಕ್ಕ. ಮೆಟ್ರೊದ ಕನಿಷ್ಠ ದರವೂ ಹತ್ತೇ ರೂಪಾಯಿ. ಆದರೆ ಮೆಟ್ಟಿಲು ಹತ್ತಿ ಹೊರಬಂದ ಮೇಲಿನ ದಾರಿಯ ಬೆಲೆ ಅದರಲ್ಲಿ ಸೇರಿಲ್ಲ.

ಹಾಗಾಗಿ ನೆಲದ ಮೇಲಿನ ದಾರಿಯನ್ನೇ ನೋಡೋಣ. ಧಾರಾವಿ ದ್ವೀಪನಗರಿಯ ಉತ್ತರದ ಅಂಚು. ಬಾಂದ್ರಾ ಮತ್ತು ಸಾಯನ್ ದಾಟಿ ದಕ್ಷಿಣಕ್ಕೆ ಆಟೊರಿಕ್ಷಾ ಬರುವಂತಿಲ್ಲ. ಈಚೆ ಟ್ಯಾಕ್ಸಿಯ ರಾಜ್ಯ, ಆಚೆ ಆಟೊದ ರಾಜ್ಯ. ಶೇರ್ ರಿಕ್ಷಾ ಹಿಡಿದು ಒಂದೇ ಓಟಕ್ಕೆ ಕಲಿನಾ ತಲುಪುವ ಅನುಕೂಲ ಧಾರಾವಿಯ ಮಕ್ಕಳಿಗೆ ಈ ಗೆರೆಯಿಂದಾಗಿ ತಪ್ಪಿದೆ. ಸಾಯನ್ ಸ್ಟೇಷನ್ನಿನ ಮೇಲಿನ ಬ್ರಿಟಿಷರ ಕಾಲದ ಸೇತುವೆಯನ್ನು ರೈಲ್ವೆ ಹಳಿ ಹೆಚ್ಚಿಸಲೆಂದು 2024ರ ಆಗಸ್ಟ್ 1ರಿಂದ ಮುಚ್ಚಿದ ಮೇಲೆ, ಆ ಕಡೆಯಿಂದ ಸುತ್ತಿಬರುವ ವಾಹನವೆಲ್ಲ ಈ ಕಡೆಯ ರಸ್ತೆಗಳ ಮೇಲೆ ಬಿತ್ತು. ಬಸ್ಸಿನ ಕಿಟಕಿಯಿಂದ ಕಾಣುವುದು ಹೆಚ್ಚಾಗಿ ಪಕ್ಕದ ಲಾರಿಯ ಗಾಲಿ.

ಮಿಠಿ ದಾಟುವ ಸೇತುವೆ ಏರಿದೊಡನೆ ಎಡಬಲಕ್ಕೆ ಕಾಂಡ್ಲಾ ಕಾಡು ಹಸಿರಾಗಿ ಹಬ್ಬಿದೆ. ಹಿಂದೆ ಕಸದ ತಿಪ್ಪೆಯಾಗಿದ್ದ ನೆಲದ ಮೇಲೆ ಬೆಳೆಸಿದ ಮಹಾರಾಷ್ಟ್ರ ನೇಚರ್ ಪಾರ್ಕಿನ ಮರಗಳು ಒಂದು ಬದಿಗೆ ನಿಂತಿವೆ. ಕೆಳಗೆ ಮಿಠಿ, ಕಪ್ಪಗೆ, ನಿಧಾನಕ್ಕೆ. ಮುಂದೆ ಬಾಂದ್ರಾ-ಕುರ್ಲಾ ಸಂಕೀರ್ಣ, ಅಂದರೆ ಬಿಕೆಸಿ.

ಬಿಕೆಸಿಯನ್ನು ಮುಂಬಯಿಯ ಸಾರಿಗೆಯ ಹುಂಡಿ ಎಂದು ಕರೆದರೆ ತಪ್ಪಲ್ಲ. 1975ರಲ್ಲಿ ಹುಟ್ಟಿದ ಮಹಾನಗರ ಅಭಿವೃದ್ಧಿ ಪ್ರಾಧಿಕಾರ, ಎಂಎಂಆರ್‌ಡಿಎ, ಇಲ್ಲಿನ ಜವುಗು ನೆಲ ತುಂಬಿಸಿ, ಸುಮಾರು 370 ಹೆಕ್ಟೇರಿನ ಪ್ರದೇಶಕ್ಕೆ ಯೋಜನೆ ಮಾಡಿ, ನಿವೇಶನಗಳನ್ನು ದೀರ್ಘ ಗುತ್ತಿಗೆಗೆ ಹರಾಜು ಹಾಕುತ್ತ ಬಂದಿದೆ. ಬ್ಯಾಂಕುಗಳು, ವಜ್ರದ ವ್ಯಾಪಾರಿಗಳು, ವಿದೇಶಿ ಕಚೇರಿಗಳು ಕೊಟ್ಟ ಆ ಗುತ್ತಿಗೆ ಹಣದಿಂದಲೇ ನಗರದ ಮೇಲ್ಸೇತುವೆಗಳು, ರಸ್ತೆಗಳು, ಮೆಟ್ರೊದ ಪಾಲು ಎದ್ದುಬಂದವು. ನೆಲ ಮಾರಿ ಸಾರಿಗೆ ಕಟ್ಟುವ ವಿದ್ಯೆಯನ್ನು ಈ ದೇಶದಲ್ಲಿ ಇಷ್ಟು ಚೆನ್ನಾಗಿ ಕಲಿತ ಸಂಸ್ಥೆ ಅಪರೂಪ. ಸಂಕಟ ಏನೆಂದರೆ, ಹುಂಡಿ ತುಂಬಿದ ಈ ನೆಲದಲ್ಲೇ ನಡೆಯುವವನ ದಾರಿ ಬಡವಾಗಿದೆ.

2008ರಲ್ಲಿ ಬಾಂದ್ರಾ ಸ್ಟೇಷನ್ನಿನಿಂದ ಕಲಾನಗರಕ್ಕೆ ನಗರದ ಮೊದಲ ಸ್ಕೈವಾಕ್ ತೆರೆಯಿತು. ಕಚೇರಿಗೆ, ಕೋರ್ಟಿಗೆ ಹೋಗುವವರು ಮಳೆಯಲ್ಲಿ ಒದ್ದೆಯಾಗದೆ ನಡೆದರು. 2019ರಲ್ಲಿ ಅದು ಭದ್ರವಿಲ್ಲವೆಂದು ಮುಚ್ಚಿದರು, ಆಮೇಲೆ ಕೆಡವಿದರು. ಮತ್ತೆ ಕಟ್ಟುವ ಕೆಲಸಕ್ಕೆ ವರ್ಷಗಳೇ ಹಿಡಿದವು. 2011ರಲ್ಲಿ ಬಿಕೆಸಿಯ ರಸ್ತೆಗಳ ಅಂಚಿಗೆ ಸೈಕಲ್ ಪಥ ಹಾಕಿದರು. ಚೆಂದದ ಕೆಲಸ. ಆದರೆ ಆ ಪಥ ಎಲ್ಲಿಂದಲೂ ಬರುತ್ತಿರಲಿಲ್ಲ, ಎಲ್ಲಿಗೂ ಹೋಗುತ್ತಿರಲಿಲ್ಲ. ಸೈಕಲ್ ಹೆಚ್ಚಾಗಿರುವುದು ಧಾರಾವಿಯಲ್ಲಿ, ಕುರ್ಲಾದಲ್ಲಿ, ಬೆಹ್ರಾಮ್ ಪಾಡಾದಲ್ಲಿ. ಸೈಕಲ್ ಬೇಕಾದವರು ಕಲಿನಾದ ವಿದ್ಯಾರ್ಥಿಗಳು. ಆ ಪಥ ಒಂದು ತುದಿಯಲ್ಲಿ ಮಿಠಿ ದಾಟಿ ಧಾರಾವಿಗೆ, ಇನ್ನೊಂದು ತುದಿಯಲ್ಲಿ ವಿದ್ಯಾನಗರಿಯ ಗೇಟಿಗೆ ತಲುಪಿದ್ದರೆ ಇಡ್ಲಿಯವರೂ ಎಂ.ಎ. ವಿದ್ಯಾರ್ಥಿಗಳೂ ಅದನ್ನು ತುಂಬುತ್ತಿದ್ದರು. ಅದು ಬಿಕೆಸಿಯೊಳಗೇ ಸುತ್ತಿ ನಿಂತಿತು; ಅದರ ಮೇಲೆ ಕಾರು ನಿಂತವು; 2025ರಲ್ಲಿ ಅದನ್ನು ಕಿತ್ತು ವಾಹನಗಳಿಗೆ ಇನ್ನೊಂದು ಸಾಲು ಮಾಡಲು ಪ್ರಾಧಿಕಾರ ತೀರ್ಮಾನಿಸಿತು. ಸೈಕಲ್ ಯಾರೂ ತುಳಿಯಲಿಲ್ಲ ಎಂಬುದು ಅದಕ್ಕೆ ಹೇಳಿದ ಕಾರಣಗಳಲ್ಲಿ ಒಂದು. ತುಳಿಯುವವರು ದಿನವೂ ಅದರ ಪಕ್ಕದಲ್ಲೇ ಲಾರಿಗಳ ನಡುವೆ ತುಳಿಯುತ್ತಿದ್ದಾರೆ ಎಂಬುದನ್ನು ಟಿ-ಜಂಕ್ಷನ್‌ನಲ್ಲಿ ನಿಂತು ನೋಡಿದ್ದರೆ ಸಾಕಿತ್ತು.

ಮೈಸೂರು 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಸೈಕಲ್ ತಂದಾಗ ಅದಕ್ಕೂ ಹೊರಗಿನ ನಿಧಿಯೇ ಬಂದಿತ್ತು, ಜಾಗತಿಕ ಪರಿಸರ ನಿಧಿಯ ನೆರವು ಅದರಲ್ಲಿ ಸೇರಿತ್ತು. ಹಣದ ಗಾತ್ರ ದೊಡ್ಡದಲ್ಲ. ಆದರೆ ಬಸ್ ನಿಲ್ದಾಣ, ಅರಮನೆ, ಮಾರುಕಟ್ಟೆ ಎಂದು ಜನ ಹೋಗುವ ಜಾಗಗಳಲ್ಲಿ ಸೈಕಲ್ ನಿಲ್ಲಿಸಿದರು. ಸೈಕಲ್ ಎಲ್ಲಿ ಬೇಕೋ ಅಲ್ಲಿ ಇಡುವ ಬುದ್ಧಿಗೆ ಕೋಟಿಗಟ್ಟಲೆ ಬೇಕಿಲ್ಲ.

ಈಗ ಬಿಕೆಸಿಗೆ ಪಾಡ್ ಟ್ಯಾಕ್ಸಿ ಬರಲಿದೆ ಎನ್ನುತ್ತಾರೆ. ಬಾಂದ್ರಾ ಸ್ಟೇಷನ್ನಿನಿಂದ ಕುರ್ಲಾ ಸ್ಟೇಷನ್ನಿಗೆ ಕಂಬಗಳ ಮೇಲೆ ಓಡುವ ಪುಟ್ಟ ಬಂಡಿಗಳು, ಸುಮಾರು 8.8 ಕಿಲೋಮೀಟರ್, 38 ನಿಲ್ದಾಣ, ₹1,016 ಕೋಟಿ, ಖಾಸಗಿ ಪಾಲುದಾರಿಕೆ. 2024ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ದಾರಿಯಲ್ಲಿ ಬೆಸ್ಟ್‌ನ 310 ನಂಬರಿನ ಬಸ್ಸು ಎಷ್ಟೋ ವರ್ಷದಿಂದ ಓಡುತ್ತಿದೆ. ಸಂಜೆ ಆರಕ್ಕೆ ಅದರ ಸರದಿ ನೋಡಬೇಕು: ಒಬ್ಬರ ಹಿಂದೆ ಒಬ್ಬರು, ಕಟ್ಟಡದ ಮೂಲೆ ತಿರುಗಿ, ತಾಳ್ಮೆಯಿಂದ ನಿಂತ ನೂರಾರು ಜನ. ಮುಂಬಯಿಯ ಬಸ್ಸಿನ ಸರದಿ ಒಂದು ನಾಗರಿಕತೆ. ಬೆಸ್ಟ್‌ನ ಸ್ವಂತ ಬಸ್ಸುಗಳು ವರ್ಷ ವರ್ಷ ಗುಜರಿಗೆ ಹೋಗಿ, ಬಾಡಿಗೆ ಬಸ್ಸುಗಳೇ ಹೆಚ್ಚಾದವು. ಪಾಲಿಕೆ 2025-26ರ ಬಜೆಟ್ಟಿನಲ್ಲಿ ಅದಕ್ಕೆ ₹1,000 ಕೋಟಿ ಇಟ್ಟಿತು. ಹಳೆಯ ನಷ್ಟದ ಎದುರು ಅದು ಸಾಲದಾಯಿತು, ಬಸ್ಸೇರುವವರ ಜೇಬಿಗೆ ಕೈ ಹಾಕಿದರು. ಸುರಂಗಕ್ಕೆ ಜಪಾನಿನ ಸಾಲ ಸಿಗುತ್ತದೆ, ಕಂಬದ ಬಂಡಿಗೆ ಖಾಸಗಿ ಬಂಡವಾಳ ಸಿಗುತ್ತದೆ. ದಿನವೂ ಡೀಸೆಲ್ ಹಾಕಿ, ಡ್ರೈವರನಿಗೆ ಸಂಬಳ ಕೊಟ್ಟು, ಬಸ್ಸು ಹೊತ್ತಿಗೆ ಸರಿಯಾಗಿ ಬರುವಂತೆ ನೋಡಿಕೊಳ್ಳುವ ಕೆಲಸಕ್ಕೆ ಹಣ ಹುಟ್ಟುವುದಿಲ್ಲ. ಕಟ್ಟುವುದಕ್ಕೆ ಹಣವಿದೆ, ನಡೆಸುವುದಕ್ಕೆ ಇಲ್ಲ. ಆ ಹುಡುಗಿಯ ಹತ್ತು ರೂಪಾಯಿಯ ಹಿಂದಿರುವುದು ಈ ಕಥೆ.

ಬಸ್ಸು ಬಿಕೆಸಿ ದಾಟಿ ಸಿಎಸ್‌ಟಿ ರಸ್ತೆಗೆ ಹೊರಳಿತು. ಗ್ಯಾರೇಜುಗಳು, ಹಳೆ ಟೈರಿನ ಗುಡ್ಡೆಗಳು, ಕಾರಿನ ಸೀಟು ಹೊಲಿಯುವವರು, ಬಿರಿಯಾನಿಯ ಹಂಡೆಗಳು. ಈ ರಸ್ತೆಯ ಪೂರ್ತಿ ಹೆಸರು ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ. 1928ರಿಂದ 1934ರವರೆಗೆ ಟ್ರಾಂಬೆಯಿಂದ ಕುರ್ಲಾ ಮಾರ್ಗವಾಗಿ ಅಂಧೇರಿಗೆ ಸುಮಾರು 13 ಕಿಲೋಮೀಟರ್ ಉದ್ದದ ಪ್ರಯಾಣಿಕರ ರೈಲು ಇಲ್ಲಿ ಓಡಿತ್ತು. ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹಣ ಹಾಕಿತ್ತು, ಜಿಐಪಿ ರೈಲ್ವೆ ನಡೆಸಿತ್ತು. ಜನವಸತಿ ಬರುವ ಮೊದಲೇ ಹಳಿ ಹಾಕಿ, ವಸತಿ ಬೆಳೆಯಲೆಂದು ಕಾಯುವ ಧೈರ್ಯ ಆ ಕಾಲಕ್ಕಿತ್ತು. ಕಾಯುವ ಹಣ ಇರಲಿಲ್ಲ. ಆರೇ ವರ್ಷಕ್ಕೆ ನಿಲ್ಲಿಸಿದರು. ಹಳಿ ಕಿತ್ತ ಜಾಗ ರಸ್ತೆಯಾಯಿತು, ಮುಂದೆ ಅದರ ಬದಿಯಲ್ಲೇ ವಿಶ್ವವಿದ್ಯಾಲಯ ಬಂತು. ಇನ್ನೊಂದು ಐವತ್ತು ವರ್ಷ ಹೇಗಾದರೂ ಅದನ್ನು ಉಳಿಸಿಕೊಂಡಿದ್ದರೆ ವಿದ್ಯಾನಗರಿಯ ಬಾಗಿಲಿಗೇ ರೈಲು ಬರುತ್ತಿತ್ತು.

ಅದರ ಬದಲು ಬಂದದ್ದು ಸಾಂತಾಕ್ರೂಜ್-ಚೆಂಬೂರು ಸಂಪರ್ಕ ರಸ್ತೆ. ವಿಶ್ವಬ್ಯಾಂಕಿನ ಸಾಲದಲ್ಲಿ ಆರಂಭವಾಗಿ, ವರ್ಷಗಟ್ಟಲೆ ತಡವಾಗಿ, ಬ್ಯಾಂಕು ಕೈಬಿಟ್ಟ ಮೇಲೆ ಪ್ರಾಧಿಕಾರವೇ ಹಣ ಹಾಕಿ 2014ರ ಏಪ್ರಿಲ್‌ನಲ್ಲಿ ತೆರೆಯಿತು. ಅದರ ಮುಂದುವರಿಕೆಯ ಮೇಲ್ಸೇತುವೆ ವಿಶ್ವವಿದ್ಯಾಲಯದ ಬದಿಯಿಂದಲೇ ಹಾದು, ವಾಕೋಲಾದಲ್ಲಿ ಹಗ್ಗಗಳ ಮೇಲೆ ತೂಗುತ್ತ ತಿರುಗಿ, ಪಶ್ಚಿಮ ಹೆದ್ದಾರಿ ದಾಟುತ್ತದೆ. 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ಎಂಜಿನಿಯರರ ಕೈಚಳಕ ಮೆಚ್ಚುವಂಥದ್ದು. ಅದರ ಮೇಲೆ ಕಾರುಗಳು ಕಲಿನಾವನ್ನು ಮುಟ್ಟದೆ ಹಾರಿಹೋಗುತ್ತವೆ. ಕೆಳಗೆ, ಕಂಬಗಳ ನೆರಳಿನಲ್ಲಿ, ಆವರಣಕ್ಕೆ ಹೋಗುವವರು ರಸ್ತೆ ದಾಟಲು ಕೈಯೆತ್ತಿ ನಿಂತಿರುತ್ತಾರೆ.

ಗೇಟಿನೊಳಗೆ ಹೆಜ್ಜೆ ಇಟ್ಟರೆ ಉಸಿರು ಹಗುರಾಗುತ್ತದೆ. ಇನ್ನೂರು ಎಕರೆ ಮೀರಿದ ಆವರಣ. ಮಳೆಮರಗಳು ರಸ್ತೆಯ ಮೇಲೆ ಚಪ್ಪರ ಹಾಕಿವೆ. ಉದ್ದುದ್ದ ಕಲ್ಲಿನ, ಕಾಂಕ್ರೀಟಿನ ಭವನಗಳು; ಅವುಗಳಲ್ಲಿ ರಾನಡೆ ಭವನ. ಕನ್ನಡ ವಿಭಾಗ ಅಲ್ಲಿದೆ. ಬಾಗಿಲಲ್ಲಿ ಕನ್ನಡ ಅಕ್ಷರ ಕಂಡಾಗ ಧಾರಾವಿಯಿಂದ ಬಂದ ಹುಡುಗಿಯ ನಡಿಗೆಯೇ ಬದಲಾಯಿತು. ಒಳಗೆ ಕನ್ನಡ ಪುಸ್ತಕಗಳ ಕಪಾಟು, ಮುಂಬಯಿ ಕನ್ನಡಿಗರ ಬರವಣಿಗೆಯ ಮೇಲೆ ನಡೆದ ಸಂಶೋಧನೆಯ ಸಂಪುಟಗಳು. ಒಂದು ಕಾಲಕ್ಕೆ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದ ತುಳುನಾಡಿನ ಹುಡುಗರ ಊರಿದು. ಅವರಿಗೆ ಶಾಲೆಯ ಹತ್ತಿರ ಕೋಣೆ ಸಿಗುತ್ತಿತ್ತು, ಅದಿಲ್ಲದಿದ್ದರೆ ಹೋಟೆಲಿನ ಮಾಳಿಗೆಯೇ ಮನೆಯಾಗುತ್ತಿತ್ತು. ಈ ಹುಡುಗಿಗೆ ಓದಿಗೂ ಮನೆಗೂ ನಡುವೆ ದಾಟಬೇಕಾದ ನಗರವಿದೆ.

ಆವರಣ ಬೆಳೆಯುತ್ತಿದೆ. ಹೊಸ ವಿಭಾಗ, ಹೊಸ ಹಾಸ್ಟೆಲ್, ಹೊಸ ಗ್ರಂಥಾಲಯ ಎಂದು ಕಟ್ಟಡಗಳು ಏಳುತ್ತಿವೆ. ಇಡೀ ಆವರಣಕ್ಕೆ ಹೊಸ ಯೋಜನೆ ಮಾಡುವ ಹೊಣೆಯೂ ಎಂಎಂಆರ್‌ಡಿಎ ಕೈಗೆ ಬಂದಿದೆ. ಇದು ಒಳ್ಳೆಯ ಸಂದರ್ಭ. ಬಿಕೆಸಿಯ ನೆಲದ ಹಣ ಯಾರ ಕೈಯಲ್ಲಿದೆಯೋ ಅವರ ಕೈಗೇ ವಿದ್ಯಾನಗರಿಯ ನಕ್ಷೆಯೂ ಸಿಕ್ಕಿದೆ.

ಆವರಣ ಬೆಳೆದಾಗ ಅದರ ಸುತ್ತಲಿನ ದಾರಿಗೆ ಯಾರು ಹಣ ಕೊಡಬೇಕು? ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನೇ ಇದೆ. ಅಲ್ಲಿನ 1990ರ ನಗರ ಯೋಜನಾ ಕಾಯ್ದೆಯ 106ನೆಯ ಕಲಮಿನಡಿ, ದೊಡ್ಡದಾಗಿ ಕಟ್ಟಲು ಅನುಮತಿ ಕೇಳುವವರು ಬಸ್ಸಿಗೆ, ಕಾಲುದಾರಿಗೆ, ಸೈಕಲ್ ದಾರಿಗೆ ಇಷ್ಟು ಕೊಡುತ್ತೇವೆಂದು ಕರಾರು ಬರೆದುಕೊಡಬೇಕಾಗುತ್ತದೆ. ವಿಶ್ವವಿದ್ಯಾಲಯವೂ ಇದಕ್ಕೆ ಹೊರತಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಹೊಸ ಎಡಿಂಗ್‌ಟನ್ ಬಡಾವಣೆಯನ್ನು ಊರಿನ ನಡುವಿಗೂ ಆಡೆನ್‌ಬ್ರೂಕ್ಸ್ ಆಸ್ಪತ್ರೆಗೂ ಜೋಡಿಸುವ ಬಸ್ಸಿಗೆ ತಾನೇ ಹಣ ಹಾಕುತ್ತದೆ, ಆ ಬಸ್ಸನ್ನು ಊರಿನವರೂ ಹತ್ತಬಹುದು. ನಮ್ಮಲ್ಲೂ ಉದಾಹರಣೆಯಿದೆ. ಬೆಂಗಳೂರಿನ ಹಳದಿ ಮಾರ್ಗದ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೊಸಿಸ್ ಫೌಂಡೇಷನ್ 2018ರಲ್ಲಿ ₹200 ಕೋಟಿ ಕೊಡಲು ಒಪ್ಪಿತು. 2025ರ ಆಗಸ್ಟ್‌ನಲ್ಲಿ ಆ ಮಾರ್ಗ ತೆರೆಯಿತು. ನೌಕರರು ಬರುವ ದಾರಿಗೆ ಕಂಪನಿ ಪಾಲು ಕೊಡಬಹುದಾದರೆ ಬಿಕೆಸಿಯ ಬ್ಯಾಂಕುಗಳು ಪಕ್ಕದ ವಿಶ್ವವಿದ್ಯಾಲಯದ ದಾರಿಗೆ ಕೊಡಬಹುದು. ಧಾರಾವಿಯಿಂದ ಬಂದು ಆ ಗಾಜಿನ ಗೋಡೆ ಒರೆಸುವವರೂ ಅದೇ ದಾರಿಯಲ್ಲಿ ನಡೆಯುತ್ತಾರೆ.

ದಾರಿಯ ಮಾತು ತಡವಾದರೆ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರೇ ಸಾಕ್ಷಿ. ಅಲ್ಲಿನ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದೊಳಗಿನ ರಸ್ತೆಗಳು ನಗರಕ್ಕೆ ಅಡ್ಡದಾರಿಯಾದವು. 2022ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳು ಆವರಣದ ಬಸ್ ನಿಲ್ದಾಣದಲ್ಲೇ ಬಸ್ಸಿನಡಿ ಸಿಕ್ಕಳು. ಹೊರಗಿನ ವಾಹನ ಒಳಗೆ ಬೇಡ ಎಂದು ವಿದ್ಯಾರ್ಥಿಗಳು ದಿನಗಟ್ಟಲೆ ರಸ್ತೆಯಲ್ಲಿ ಕುಳಿತರು. ಜ್ಞಾನಭಾರತಿಗೆ ಮೆಟ್ರೊ ನಿಲ್ದಾಣ 2021ರಲ್ಲೇ ಬಂದಿತ್ತು. ನಿಲ್ದಾಣ ಬಂದ ಮಾತ್ರಕ್ಕೆ ನಿಲ್ದಾಣದಿಂದ ತರಗತಿಯವರೆಗಿನ ದಾರಿ ತಾನಾಗಿ ಬರುವುದಿಲ್ಲ.

ಮಧ್ಯಾಹ್ನ ತರಗತಿ ಮುಗಿಸಿ ಹುಡುಗಿ ಹೊರಗೆ ಬಂದಳು. ರಾನಡೆ ಭವನದಿಂದ ಗೇಟಿಗೆ ನಡೆಯುತ್ತ ಅವಳು ಆಡಿದ ಮಾತೆಲ್ಲ ಧಾರಾವಿಯ ಹೊಸ ಯೋಜನೆಯದು. 2022ರ ನವೆಂಬರ್‌ನಲ್ಲಿ ₹5,069 ಕೋಟಿಯ ಬಿಡ್ಡಿಗೆ ಅದಾನಿ ಸಮೂಹಕ್ಕೆ ಸಿಕ್ಕಿದ ಪುನರಭಿವೃದ್ಧಿ, 2025ರ ಮೇನಲ್ಲಿ ಒಪ್ಪಿಗೆಯಾದ ಅದರ ಮಾಸ್ಟರ್ ಪ್ಲಾನ್. 2000ನೇ ಇಸವಿಯ ಮೊದಲಿನ ದಾಖಲೆಯಿರುವ ಕೆಳಗಿನ ಮನೆಯವರಿಗೆ ಧಾರಾವಿಯಲ್ಲೇ 350 ಚದರಡಿಯ ಮನೆ, ಉಳಿದವರಿಗೆ ಹೊರಗೆ. “ನಮ್ಮವ್ವ ಅಪ್ಪ ಬಂದದ್ದು ಅದಕ್ಕಿಂತ ಎಲ್ಡ್ ವರ್ಷ ತಡಾ ಆಗಿರಬೇಕ್ರಿ,” ಎಂದಳು. “ಮುಲುಂಡಕ್ಕ ಹಾಕಿದ್ರ ಇಲ್ಲಿಗಿ ಹ್ಯಾಂಗ ಬರಲಿ?” ಮುಲುಂಡದಿಂದ ಲೋಕಲ್ ಇದೆ, ವಿದ್ಯಾರ್ಥಿ ಪಾಸಿಗೆ ರೈಲ್ವೆ ಅರ್ಧ ದರ ಹಿಡಿಯುತ್ತದೆ, ಕುರ್ಲಾದಲ್ಲಿ ಇಳಿದು ಮತ್ತೆ ಬಸ್ಸು. ಮಾಡಬಹುದು. ಆದರೆ ಓದು ಬಿಡಿಸುವುದಕ್ಕೆ ದೊಡ್ಡ ಆಪತ್ತೇನೂ ಬೇಕಿಲ್ಲ, ದಿನಕ್ಕೆ ಇಪ್ಪತ್ತು ಮೂವತ್ತು ರೂಪಾಯಿ ಮತ್ತು ಒಂದೂವರೆ ಗಂಟೆ ಹೆಚ್ಚಾದರೆ ಸಾಕು ಎಂಬುದು ಈ ಗಲ್ಲಿಗಳ ಪ್ರತಿ ಮನೆಗೂ ಗೊತ್ತು. ಹೆಣ್ಣುಮಕ್ಕಳ ಓದು ಮೊದಲು ನಿಲ್ಲುತ್ತದೆ.

ಹಾಗಾಗಿ ಬೇಕಾದದ್ದು ಚಿಕ್ಕ ಚಿಕ್ಕ ಕೆಲಸಗಳು, ಮತ್ತು ಅವಕ್ಕೆ ಗಟ್ಟಿಯಾದ ಹಣದ ಮೂಲ. ಮೆಟ್ರೊ ಇಳಿದ ಬಾಂದ್ರಾ ಕಾಲೊನಿಯಿಂದ ವಿದ್ಯಾನಗರಿಯ ಗೇಟಿಗೆ ಸೂರಿರುವ ಅಗಲವಾದ ಕಾಲುದಾರಿ. ಧಾರಾವಿ ಡಿಪೊದಿಂದ ಬಿಕೆಸಿ ಮೂಲಕ ಕಲಿನಾಕ್ಕೆ ಹತ್ತು ನಿಮಿಷಕ್ಕೊಂದು ವಿದ್ಯುತ್ ಬಸ್ಸು. ಅದು ರಾನಡೆ ಭವನದವರೆಗೆ ಒಳಗೇ ಬರಲಿ. ಲೋಕಲ್, ಬಸ್ಸು, ಮೆಟ್ರೊ ಮೂರಕ್ಕೂ ನಡೆಯುವ ಒಂದೇ ವಿದ್ಯಾರ್ಥಿ ಪಾಸು. ಅದರ ನಷ್ಟ ತುಂಬಲು ಬಿಕೆಸಿಯ ಪ್ರತಿ ಹೊಸ ಗುತ್ತಿಗೆಯಿಂದಲೂ, ಧಾರಾವಿಯಲ್ಲಿ ಮಾರುವ ಪ್ರತಿ ಚದರಡಿಯಿಂದಲೂ ಒಂದು ಪಾಲು ಮೀಸಲು. ಈ ಪಾಲನ್ನು ಕಾಂಕ್ರೀಟಿಗೆ ಹಾಕುವಂತಿಲ್ಲ, ಬಸ್ಸು ಓಡಿಸುವುದಕ್ಕೇ ಹಾಕಬೇಕು ಎಂದು ಬರೆದಿಡಬೇಕು. ಮೆಟ್ರೊಗೆ ಶೇಕಡಾ ಒಂದರ ಸೆಸ್ ಹಾಕಬಲ್ಲ ಸರ್ಕಾರ ಬಸ್ಸಿಗೂ ಹಾಕಬಲ್ಲದು. ವಿದ್ಯಾನಗರಿಯ ನಕ್ಷೆ ಇನ್ನೂ ಕಾಗದದ ಮೇಲಿದೆ, ಧಾರಾವಿಯದು ಬಹುಪಾಲು ಕಾಗದದ ಮೇಲೇ ಇದೆ. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿ, ನಡುವಿನ ಈ ನಾಲ್ಕೈದು ಕಿಲೋಮೀಟರನ್ನು ಮೊದಲು ಗುರುತು ಹಾಕಿಕೊಂಡು, ಆಮೇಲೆ ಕಟ್ಟಡಗಳ ಲೆಕ್ಕಕ್ಕೆ ಕೂರಲು ಈಗ ಸಮಯವಿದೆ.